ಕ್ವಾಂಟಂ ಲೋಕದಲ್ಲಿ ಕಾಲದ ದಿಕ್ಕು

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಜ್ಞಾನಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶತಮಾನೋತ್ಸವವೆಂಬುದು ಹಿಂದಿರುಗಿ ನೋಡುವ ಹಬ್ಬ. ಹಿಂದೆ ನಡೆದದ್ದು ನಡೆದುಹೋಗಿದೆ, ಅದನ್ನು ಬದಲಿಸಲಾಗದು. ಮುಂದಿನದು ಇನ್ನೂ ನಡೆದಿಲ್ಲ, ಅದನ್ನು ರೂಪಿಸಬಹುದು. ಈ ಎರಡು ಮಾತುಗಳನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಬಿತ್ತನೆ ಮಾಡುವ ರೈತ, ತೀರ್ಪು ಬರೆಯುವ ನ್ಯಾಯಾಧೀಶ, ಮಗುವನ್ನು ಶಾಲೆಗೆ ಸೇರಿಸುವ ತಾಯಿ, ಎಲ್ಲರ ಬದುಕೂ ಈ ನಂಬಿಕೆಯ ಮೇಲೆಯೇ ನಿಂತಿದೆ. ಆದರೆ ಈ ನಂಬಿಕೆಗೆ ಪ್ರಕೃತಿಯ ನಿಯಮಗಳಲ್ಲಿ ಆಧಾರ ಎಲ್ಲಿದೆ? ಈ ಪ್ರಶ್ನೆಯನ್ನು ಇಂದು ನಿಮ್ಮೆದುರು ಇಡಬಯಸುತ್ತೇವೆ.

ಇದಕ್ಕೆ ಒಂದು ಸಂದರ್ಭವೂ ಒದಗಿದೆ. ನಮ್ಮ ಶಾಲೆಗೂ ಕ್ವಾಂಟಂ ವಿಜ್ಞಾನಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. 1925ರಲ್ಲಿ ಜರ್ಮನಿಯ ಹೈಸನ್‌ಬರ್ಗ್, 1926ರಲ್ಲಿ ಆಸ್ಟ್ರಿಯದ ಶ್ರೋಡಿಂಗರ್ ಬರೆದ ಲೇಖನಗಳಿಂದ ಅದು ಶಾಸ್ತ್ರದ ರೂಪ ಪಡೆಯಿತು. ಆ ಕಾರಣದಿಂದಲೇ ವಿಶ್ವಸಂಸ್ಥೆಯು 2025ನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿತು. ಈ ನೂರು ವರ್ಷಗಳಲ್ಲಿ ನಮ್ಮ ಸೀಮೆ ಎಷ್ಟೋ ಬದಲಾವಣೆಗಳನ್ನು ಕಂಡಿತು. ರಾಯದುರ್ಗ ತಾಲ್ಲೂಕು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳೊಡನೆ ಆಂಧ್ರ ರಾಜ್ಯಕ್ಕೆ ಸೇರಿತು. 1956ರಲ್ಲಿ ಆಂಧ್ರಪ್ರದೇಶದ ಭಾಗವಾಯಿತು. ಊರು ಇದ್ದಲ್ಲೇ ಇತ್ತು, ರಾಜ್ಯ ಬದಲಾಯಿತು. ಗುಮ್ಮಘಟ್ಟದ ಮನೆಗಳಲ್ಲಿ, ಮಡಕಶಿರಾದ ಮನೆಗಳಲ್ಲಿ ಕನ್ನಡದ ಮಾತು ಮಾತ್ರ ಉಳಿದುಬಂದಿತು. ಆ ಮಾತಿನಲ್ಲಿಯೇ ಈ ಕಠಿಣ ವಿಷಯವನ್ನು ಹೇಳಲು ಸಾಧ್ಯವೇ ಎಂಬುದನ್ನೂ ಇಲ್ಲಿ ಪರೀಕ್ಷಿಸೋಣ.

ಮೊದಲು ಕಾಲದ ದಿಕ್ಕನ್ನು ನೋಡೋಣ. ವೇದಾವತಿ ನದಿಯು ಹಿರಿಯೂರಿನ ಕಡೆಯಿಂದ ಹರಿದುಬಂದು ನಮ್ಮ ಭೈರವಾನಿತಿಪ್ಪದ ಜಲಾಶಯವನ್ನು ಸೇರುತ್ತದೆ. ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಕೋಡಿ ಬಿದ್ದುದನ್ನು ನೀವೆಲ್ಲ ಬಲ್ಲಿರಿ. ಆ ಕೋಡಿಯ ಚಿತ್ರವನ್ನು ಹಿಂದುಮುಂದಾಗಿ ಓಡಿಸಿ ತೋರಿಸಿದರೆ, ನೊರೆಯೆಲ್ಲ ಒಂದುಗೂಡಿ ನೀರು ಮೇಲೇರುವುದನ್ನು ಕಂಡು ಚಿಕ್ಕ ಮಗುವೂ ನಗುತ್ತದೆ. ಆದರೆ ನೀರಿನ ಎರಡೇ ಅಣುಗಳು ಡಿಕ್ಕಿ ಹೊಡೆದು ದೂರ ಸರಿಯುವ ಚಿತ್ರವನ್ನು ಹಾಗೆ ಓಡಿಸಿದರೆ, ಯಾವುದು ನೇರ, ಯಾವುದು ತಿರುಗುಮುರುಗು ಎಂದು ಯಾವ ಪಂಡಿತನೂ ಹೇಳಲಾರ. ನ್ಯೂಟನ್ನನ ಚಲನೆಯ ನಿಯಮಗಳು, ಮ್ಯಾಕ್ಸ್‌ವೆಲ್ಲನ ವಿದ್ಯುತ್ಕಾಂತ ಸಮೀಕರಣಗಳು, ಶ್ರೋಡಿಂಗರನ ಸಮೀಕರಣ, ಇವೆಲ್ಲವೂ ಕಾಲದ ಎರಡು ದಿಕ್ಕುಗಳಿಗೂ ಸಮಾನವಾಗಿ ಸಲ್ಲುತ್ತವೆ. ಕೆಲವು ವಿರಳ ಕಣಗಳ ಕ್ಷಯದಲ್ಲಿ ಅತ್ಯಲ್ಪ ಭೇದವೊಂದು ಕಂಡಿದೆ; ಆದರೆ ನಮ್ಮ ನಿತ್ಯದ ಅನುಭವಕ್ಕೆ ಅದು ಕಾರಣವಲ್ಲ. ಕೋಟ್ಯನುಕೋಟಿ ಕಣಗಳು ಸೇರಿದಾಗ ವ್ಯವಸ್ಥೆಗಿಂತ ಅವ್ಯವಸ್ಥೆಗೆ ದಾರಿಗಳು ಹೆಚ್ಚು; ಆದ್ದರಿಂದ ಎಂಟ್ರೊಪಿ ಏರುತ್ತದೆ, ಅದೇ ಕಾಲದ ಬಾಣ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬೋಲ್ಟ್ಸ್‌ಮನ್ ತೋರಿಸಿದನು. ಹೀಗೆ ಬಾಣವು ಗುಂಪಿನಲ್ಲಿದೆ, ಬಿಡಿ ಕಣದಲ್ಲಿಲ್ಲ.

ಕ್ವಾಂಟಂ ವಿಜ್ಞಾನದಲ್ಲಿ ಮಾತ್ರ ಇನ್ನೊಂದು ತೊಡಕು ಬಂದಿತು. ಅದನ್ನು ತಿಳಿಯಲು ನಮ್ಮ ಕನ್ನಡ ವ್ಯಾಕರಣವೇ ನೆರವಾಗುತ್ತದೆ. "ಬಂದನು" ಎಂದರೆ ಭೂತಕಾಲ, "ಬರುವನು" ಎಂದರೆ ಭವಿಷ್ಯತ್ಕಾಲ ಎಂದು ಈ ಶಾಲೆಯ ಪ್ರತಿಯೊಂದು ಮಗುವೂ ಕಲಿತಿದೆ. ಇವಲ್ಲದೆ "ಬಂದಾನು" ಎಂಬ ಸಂಭಾವನಾರ್ಥಕ ರೂಪವೂ ನಮ್ಮಲ್ಲಿದೆ. ಅಳೆಯುವ ಮುನ್ನ ಕಣವು ಎಲ್ಲಿದೆ ಎಂದು ಕೇಳಿದರೆ ಕ್ವಾಂಟಂ ಸಿದ್ಧಾಂತವು "ಇಲ್ಲಿದೆ" ಎನ್ನುವುದಿಲ್ಲ, "ಅಲ್ಲಿದೆ" ಎನ್ನುವುದಿಲ್ಲ. "ಇಲ್ಲಿ ಇದ್ದೀತು, ಅಲ್ಲಿಯೂ ಇದ್ದೀತು" ಎಂದು ಸಂಭಾವನೆಯ ಲೆಕ್ಕವನ್ನು ಕೊಡುತ್ತದೆ. ಅಳೆದ ಮೇಲೆ ಮಾತ್ರ "ಇದೆ" ಎಂಬ ಖಚಿತ ಮಾತು ಬರುತ್ತದೆ. ಸಮೀಕರಣವು ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಅಳತೆಯು ಒಂದೇ ದಿಕ್ಕಿನಲ್ಲಿ ಆಗುವಂತೆ ಕಾಣುತ್ತದೆ. "ಇದ್ದೀತು" ಎಂಬುದು "ಇದೆ" ಆಗುತ್ತದೆ, "ಇದೆ" ಎಂಬುದು ಮರಳಿ "ಇದ್ದೀತು" ಆಗುವುದಿಲ್ಲ.

ಈಗ ನಿಜವಾದ ಪ್ರಶ್ನೆ. "ಬಂದಾನು" ಎಂದು ನಾವು ಹೇಳುವಾಗ ಸಂದೇಹವಿರುವುದು ಯಾರಲ್ಲಿ? ಬರುವವನಲ್ಲಿಯೇ, ಹೇಳುವ ನಮ್ಮಲ್ಲಿಯೇ? ಬಸ್ಸು ಹತ್ತಿದವನಿಗೆ ತಾನು ಹತ್ತಿದ್ದು ಗೊತ್ತು. ಊರಿನಲ್ಲಿರುವ ನಮಗೆ ಗೊತ್ತಿಲ್ಲ, ಅಷ್ಟೆ. ಹಾಗೆಯೇ ಕಣಕ್ಕೂ ಒಂದು ಖಚಿತ ಸ್ಥಿತಿ ಇದೆ, ಅದನ್ನು ನಿರ್ಧರಿಸುವ ಸಂಗತಿಗಳು ನಮಗೆ ಕಾಣುತ್ತಿಲ್ಲ, ಸಂದೇಹ ನಮ್ಮದು ಮಾತ್ರ ಎಂದು ಹೇಳುವ ಸಿದ್ಧಾಂತಗಳಿಗೆ ಅಡಗಿದ ಚರಾಂಶಗಳ ಮಾದರಿಗಳು ಎಂದು ಹೆಸರು. ಸಂಸ್ಕೃತದಲ್ಲಿ "ಗುಪ್ತ ಚರ" ಎನ್ನಬಹುದಿತ್ತು. ಎರಡು ಪದ ಕೂಡಿಸಿ ಬರೆದರೆ ಪೊಲೀಸ್ ಇಲಾಖೆಯ ವಿಷಯವಾದೀತೆಂದು ನಾವು "ಅಡಗಿದ" ಎಂಬ ಕನ್ನಡವನ್ನೇ ಆಯ್ದುಕೊಂಡಿದ್ದೇವೆ.

ಈ ಪಕ್ಷದ ಇತಿಹಾಸ ಸ್ವಾರಸ್ಯಕರವಾದುದು. 1927ರಲ್ಲಿ ಫ್ರಾನ್ಸಿನ ಲೂಯಿ ದ ಬ್ರಾಯ್, ಅಲೆಯೊಂದು ಕಣಕ್ಕೆ ದಾರಿ ತೋರುತ್ತದೆಂಬ ಮಾದರಿಯನ್ನು ಮುಂದಿಟ್ಟನು. 1932ರಲ್ಲಿ ಗಣಿತಜ್ಞ ಫಾನ್ ನಾಯ್ಮನ್ ಇಂತಹ ಮಾದರಿ ಸಾಧ್ಯವೇ ಇಲ್ಲವೆಂದು ಸಾಧಿಸಿದಂತೆ ಕಂಡಿತು. ಆ ಸಾಧನೆಯಲ್ಲಿ ಒಂದು ದೋಷವಿದೆ ಎಂದು 1935ರಲ್ಲಿ ಗ್ರೆಟೆ ಹರ್ಮನ್ ಎಂಬ ವಿದುಷಿ ಬರೆದಳು. ಆ ಮಾತಿಗೆ ಕಿವಿಗೊಟ್ಟವರು ವಿರಳ. ಅದೇ ವರ್ಷ ಐನ್‌ಸ್ಟೈನರು ಪೊಡೊಲ್‌ಸ್ಕಿ ಮತ್ತು ರೋಸೆನ್ ಅವರೊಡನೆ, ಕ್ವಾಂಟಂ ವರ್ಣನೆ ಅಪೂರ್ಣವೆಂದು ವಾದಿಸಿದರು. 1952ರಲ್ಲಿ ಡೇವಿಡ್ ಬೋಮ್ ಅಡಗಿದ ಚರಾಂಶಗಳ ಸಂಪೂರ್ಣ ಮಾದರಿಯನ್ನು ಕಟ್ಟಿ ತೋರಿಸಿದನು. ಅಸಾಧ್ಯವೆಂದದ್ದು ಕಣ್ಣೆದುರಿಗೇ ನಿಂತಿತು. ಬೋಮ್‌ನ ಮಾದರಿಯಲ್ಲಿ ಪ್ರತಿಯೊಂದು ಕಣಕ್ಕೂ ಖಚಿತ ಪಥವಿದೆ. ಅದು ಕಾಲದ ಎರಡು ದಿಕ್ಕಿಗೂ ಸಲ್ಲುತ್ತದೆ. ದೊಡ್ಡವರು ಹೇಳಿದ ಮಾತ್ರಕ್ಕೆ ಸಾಧನೆಯಾಗುವುದಿಲ್ಲ, ಸಾಧನೆಯ ಪ್ರತಿಯೊಂದು ಹೆಜ್ಜೆಯನ್ನೂ ಪರೀಕ್ಷಿಸಬೇಕು ಎಂಬ ಪಾಠ ಇಲ್ಲಿ ಮಕ್ಕಳಿಗಿದೆ.

ಈ ಬೋಮ್‌ಗೂ ನಮ್ಮ ರಾಯಲಸೀಮೆಗೂ ಒಂದು ನಂಟಿದೆ. ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿಯವರೊಡನೆ ಅವನು ಅನೇಕ ವರ್ಷ ಸಂವಾದ ನಡೆಸಿದನು. ಅವರಿಬ್ಬರ ಸಂವಾದಗಳ ಒಂದು ಸಂಪುಟ 1985ರಲ್ಲಿ ಪ್ರಕಟವಾಯಿತು. ಅದರ ಹೆಸರಿನಲ್ಲಿಯೇ ಕಾಲದ ಅಂತ್ಯವೆಂಬ ಮಾತಿದೆ. ಅವರು ಚರ್ಚಿಸಿದ್ದು ಮನಸ್ಸಿನ ಕಾಲವನ್ನು, ಭೌತವಿಜ್ಞಾನದ ಕಾಲವನ್ನಲ್ಲ, ಎರಡನ್ನೂ ಬೆರೆಸಬಾರದು. ಆದರೂ ಕಾಲದ ಪ್ರಶ್ನೆ ಈ ನೆಲಕ್ಕೆ ಹೊರಗಿನದಲ್ಲ ಎಂಬುದಕ್ಕೆ ಈ ನಂಟು ಸಾಕ್ಷಿ.

1964ರಲ್ಲಿ ಐರ್ಲೆಂಡಿನ ಜಾನ್ ಬೆಲ್ ಈ ವಾದವನ್ನು ಪ್ರಯೋಗಶಾಲೆಗೆ ತಂದನು. ಒಂದೇ ನೊಗಕ್ಕೆ ಪಳಗಿದ ಜೋಡಿ ಎತ್ತುಗಳಲ್ಲಿ ಒಂದನ್ನು ರಾಯದುರ್ಗದಲ್ಲಿ, ಇನ್ನೊಂದನ್ನು ಕಲ್ಯಾಣದುರ್ಗದಲ್ಲಿ ಮಾರಿದರೆಂದು ಭಾವಿಸಿ. ರಾಯದುರ್ಗದ ಎತ್ತು ನೊಗದ ಎಡಕ್ಕೆ ನಿಂತರೆ, ಕಲ್ಯಾಣದುರ್ಗದ್ದು ಬಲಕ್ಕೆ ನಿಲ್ಲುವುದೆಂದು ನೋಡದೆಯೇ ಹೇಳಬಹುದು. ಇದರಲ್ಲಿ ಚೋದ್ಯವಿಲ್ಲ, ಅವು ಮೊದಲೇ ಹಾಗೆ ಪಳಗಿದ್ದವು. ಅಡಗಿದ ಚರಾಂಶವೆಂದರೆ ಈ ಪಳಗಿಕೆಯೇ. ಬೆಲ್ ಹೇಳಿದ್ದೇನೆಂದರೆ: ಜೋಡಿ ಕಣಗಳಿಗೆ ಒಂದೇ ಪ್ರಶ್ನೆಯನ್ನಲ್ಲ, ಎರಡೂ ಕಡೆ ಬೇರೆ ಬೇರೆ ಪ್ರಶ್ನೆಗಳನ್ನು ಆಗಿಂದಾಗ ಆಯ್ದು ಕೇಳಿ, ಉತ್ತರಗಳ ಹೊಂದಾಣಿಕೆಯನ್ನು ಕೂಡಿಸಿ. ಉತ್ತರಗಳು ಮೊದಲೇ ಸಿದ್ಧವಾಗಿದ್ದು, ಒಂದು ಕಡೆಯ ಪ್ರಶ್ನೆ ಇನ್ನೊಂದು ಕಡೆಯನ್ನು ತಟ್ಟದಿದ್ದರೆ, ಆ ಮೊತ್ತವು 2ನ್ನು ಮೀರಲಾರದು. ಕ್ವಾಂಟಂ ಲೆಕ್ಕವಾದರೋ ಸುಮಾರು 2.83ರ ವರೆಗೆ ಹೋಗಬಹುದೆನ್ನುತ್ತದೆ. ಪ್ರಯೋಗಗಳಲ್ಲಿ ಮೊತ್ತವು 2ನ್ನು ಮೀರಿತು. ಈ ಕೆಲಸಕ್ಕಾಗಿ ಆಸ್ಪೆ, ಕ್ಲೌಸರ್ ಮತ್ತು ಸೈಲಿಂಗರ್ ಅವರಿಗೆ 2022ರ ನೊಬೆಲ್ ಬಹುಮಾನ ದೊರೆಯಿತು.

ಹಾಗಾದರೆ ಅಡಗಿದ ಚರಾಂಶಗಳ ಕಥೆ ಮುಗಿಯಿತೇ? ಇಲ್ಲ. ಮುಗಿದದ್ದು ಒಂದು ಬಗೆಯ ಮಾದರಿಗಳ ಕಥೆ. ಬೋಮ್‌ನ ಮಾದರಿ ಉಳಿದಿದೆ. ಅದು ಒಂದು ಕಡೆಯ ಅಳತೆ ದೂರದ ಇನ್ನೊಂದು ಕಡೆಯನ್ನು ಆ ಕ್ಷಣವೇ ತಟ್ಟುತ್ತದೆಂದು ಒಪ್ಪಿಕೊಳ್ಳುತ್ತದೆ. ಇನ್ನೊಂದು ದಾರಿ ಕಾಲದ ದಿಕ್ಕಿಗೆ ಸಂಬಂಧಿಸಿದ್ದು. ಬೆಲ್‌ನ ವಾದದಲ್ಲಿ ಸದ್ದಿಲ್ಲದೆ ಕುಳಿತ ಒಂದು ಊಹೆಯಿದೆ: ಕಣವು ಹೊರಟಾಗಿನ ಸ್ಥಿತಿಯು, ಮುಂದೆ ಅದಕ್ಕೆ ಯಾವ ಪ್ರಶ್ನೆ ಕೇಳಲಿದ್ದೇವೆ ಎಂಬುದನ್ನು ಅವಲಂಬಿಸುವುದಿಲ್ಲ ಎಂಬುದು. ಇದನ್ನು ಬಿಟ್ಟರೆ, ಪ್ರಶ್ನೆಯ ಪ್ರಭಾವವು ಕಾಲದಲ್ಲಿ ಹಿಂದಕ್ಕೆ ಸಾಗಿ ಕಣಗಳು ಹೊರಟ ತಾಣವನ್ನು ಮುಟ್ಟಿ, ಅಲ್ಲಿಂದ ಇನ್ನೊಂದು ಕಣದೊಡನೆ ಮುಂದಕ್ಕೆ ಬರಬಹುದು. ಬೆಳಕಿನ ವೇಗವನ್ನು ಮೀರುವ ಅಗತ್ಯವೇ ಇಲ್ಲ. ದ ಬ್ರಾಯ್‌ನ ಶಿಷ್ಯ ಕೋಸ್ತ ದ ಬೋರಗಾರ್ 1953ರಲ್ಲಿಯೇ ಇಂತಹ ವಿಚಾರವನ್ನು ಮಂಡಿಸಿದ್ದನು. 1964ರಲ್ಲಿ ಅಹರೊನೊವ್, ಬರ್ಗ್‌ಮನ್ ಮತ್ತು ಲೆಬೊವಿಟ್ಸ್ ಎಂಬುವರು, ಮೊದಲ ಅಳತೆ ಮತ್ತು ಕೊನೆಯ ಅಳತೆ ಎರಡನ್ನೂ ನಿಗದಿಪಡಿಸಿಕೊಂಡರೆ ನಡುವಣ ಅಳತೆಯ ಸಂಭವನೀಯತೆಯ ಸೂತ್ರವು ಕಾಲದ ಎರಡೂ ದಿಕ್ಕಿಗೆ ಸಮವಾಗಿರುವುದೆಂದು ತೋರಿಸಿದರು. ಅಳತೆಯ ಒಮ್ಮುಖತನ ಪ್ರಕೃತಿಯದೋ, ನಾವು ಲೆಕ್ಕ ಕೇಳುವ ರೀತಿಯದೋ ಎಂಬ ಅನುಮಾನ ಅಲ್ಲಿಂದ ಗಟ್ಟಿಯಾಯಿತು.

2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ರಶ್ನೆಗಳನ್ನು ಆಯ್ದದ್ದು ಅತಿದೂರದ ಕ್ವೇಸಾರ್‌ಗಳ ಬೆಳಕು. ಹಿಂದೆ ಯಾವುದೋ ಗುಟ್ಟಿನ ಒಪ್ಪಂದ ನಡೆದಿದ್ದರೆ ಅದು ಕನಿಷ್ಠ 780 ಕೋಟಿ ವರ್ಷಗಳ ಹಿಂದೆ ನಡೆದಿರಬೇಕೆಂದು ಅದರಿಂದ ತಿಳಿಯಿತು. ಭೂತಕಾಲದ ಕಿಂಡಿ ಹೀಗೆ ಬಹುಮಟ್ಟಿಗೆ ಮುಚ್ಚಿತು. ಆದರೆ ಪ್ರಭಾವವು ಭವಿಷ್ಯದಿಂದ ಬರುವುದಾದರೆ, ಎಷ್ಟು ಹಳೆಯ ಬೆಳಕನ್ನು ತಂದರೂ ಆ ಕಿಂಡಿ ಮುಚ್ಚದು.

ಇನ್ನು ನಮಗೆ ಹತ್ತಿರದ ಪ್ರಯೋಗಕ್ಕೆ ಬರೋಣ. 1985ರಲ್ಲಿ ಆಂಟನಿ ಲೆಗೆಟ್ ಮತ್ತು ಅನುಪಮ್ ಗರ್ಗ್, ಬೆಲ್ ಎರಡು ಸ್ಥಳಗಳ ನಡುವೆ ಕೇಳಿದ್ದನ್ನು ಒಂದೇ ವಸ್ತುವಿನ ಬೇರೆ ಬೇರೆ ಗಳಿಗೆಗಳ ನಡುವೆ ಕೇಳಿದರು. ಇದನ್ನು ಏಳನೆಯ ತರಗತಿಯ ಗಣಿತದಿಂದಲೇ ತಿಳಿಯಬಹುದು.

ವೇದಾವತಿಯ ದಡದಲ್ಲಿ ಒಬ್ಬ ಕುರಿಗಾಹಿ ಇದ್ದಾನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಈ ಮೂರು ಹೊತ್ತಿನಲ್ಲಿ ಅವನು ಈಚೆ ದಡದಲ್ಲಿ ಇಲ್ಲವೇ ಆಚೆ ದಡದಲ್ಲಿ ಇರುತ್ತಾನೆ. ಎರಡು ಹೊತ್ತಿನಲ್ಲಿ ಒಂದೇ ದಡದಲ್ಲಿದ್ದರೆ +1, ಬೇರೆ ದಡದಲ್ಲಿದ್ದರೆ −1 ಅಂಕ ಕೊಡೋಣ. ಬೆಳಿಗ್ಗೆ-ಮಧ್ಯಾಹ್ನದ ಅಂಕಕ್ಕೆ ಮಧ್ಯಾಹ್ನ-ಸಂಜೆಯ ಅಂಕವನ್ನು ಕೂಡಿಸಿ, ಬೆಳಿಗ್ಗೆ-ಸಂಜೆಯ ಅಂಕವನ್ನು ಕಳೆಯಿರಿ. ದಿನವಿಡೀ ಒಂದೇ ದಡದಲ್ಲಿದ್ದರೆ 1+1−1, ಅಂದರೆ 1. ಮಧ್ಯಾಹ್ನಕ್ಕೆ ಮುನ್ನ ಒಮ್ಮೆ ಮಾತ್ರ ದಾಟಿದರೆ −1+1+1, ಮತ್ತೆ 1. ಮಧ್ಯಾಹ್ನದ ನಂತರ ಮಾತ್ರ ದಾಟಿದರೆ 1−1+1, ಅದೂ 1. ಹೋಗಿ ಮರಳಿ ಬಂದರೆ −1−1−1, ಅಂದರೆ −3. ಬೇರೆ ಸಾಧ್ಯತೆಯೇ ಇಲ್ಲ. ಎಷ್ಟು ದಿನಗಳ ಸರಾಸರಿ ತೆಗೆದರೂ ಮೊತ್ತವು 1ನ್ನು ಮೀರಲಾರದು. ಮಕ್ಕಳು ಮನೆಗೆ ಹೋಗಿ ಕಾಗದದ ಮೇಲೆ ಬರೆದು ನೋಡಲಿ.

ಆದರೆ ಪ್ರತಿದಿನ ಎರಡು ಹೊತ್ತು ಮಾತ್ರ ನೋಡುವ ನಿಯಮವಿದೆ ಎನ್ನಿ. ಆಗ ಈ ಲೆಕ್ಕ ನಿಲ್ಲಲು ಮೂರು ನಂಬಿಕೆಗಳು ಬೇಕು. ಒಂದು: ನಾವು ನೋಡಲಿ ಬಿಡಲಿ, ಕುರಿಗಾಹಿ ಪ್ರತಿ ಹೊತ್ತಿನಲ್ಲೂ ಯಾವುದಾದರೂ ಒಂದು ದಡದಲ್ಲಿದ್ದಾನೆ. ಎರಡು: ಅವನನ್ನು ತೊಂದರೆಗೊಳಿಸದೆ ನೋಡಲು ಸಾಧ್ಯ. ಮೂರು: ಇಂದು ಸಂಜೆ ನಾವು ನೋಡಲಿದ್ದೇವೆಯೇ ಇಲ್ಲವೇ ಎಂಬುದು, ಬೆಳಿಗ್ಗೆ ಅವನು ಎಲ್ಲಿದ್ದನೆಂಬುದನ್ನು ಬದಲಿಸುವುದಿಲ್ಲ. ಈ ಮೂರನೆಯದನ್ನು ಲೆಗೆಟ್ ನಂತರದ ಬರಹದಲ್ಲಿ ಬಿಡಿಸಿ ಹೇಳಿದನು. ಇದು ಕಾಲದ ಬಾಣವೇ. ಮೊದಲನೆಯದು ಅಡಗಿದ ಚರಾಂಶ, ಮೂರನೆಯದು ಕಾಲದ ದಿಕ್ಕು. ಎರಡೂ ಒಂದೇ ಲೆಕ್ಕದಲ್ಲಿ ಬಂದು ಸೇರಿವೆ.

ಈ ಲೆಕ್ಕವನ್ನು ಬಹು ಎಚ್ಚರದಿಂದ ಪರೀಕ್ಷಿಸಿದ್ದು ಬೆಂಗಳೂರಿನಲ್ಲಿ, ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿನ ಊರ್ಬಸಿ ಸಿನ್ಹಾ ಅವರ ತಂಡವು ಕೋಲ್ಕತ್ತದ ಬೋಸ್ ಸಂಸ್ಥೆಯ ದೀಪಂಕರ್ ಹೋಮ್ ಅವರೊಡಗೂಡಿ ನಡೆಸಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಅಲ್ಲಿ ಕುರಿಗಾಹಿ ಎಂದರೆ ಬೆಳಕಿನ ಒಂದೇ ಒಂದು ಕಣ. ದಡಗಳೆಂದರೆ ಕನ್ನಡಿಗಳ ನಡುವಣ ಎರಡು ಹಾದಿಗಳು. ಕಣಗಳು ಜೋಡಿಯಾಗಿ ಹುಟ್ಟುತ್ತವೆ. ಒಂದು ಸಿಕ್ಕಿದರೆ, ಇನ್ನೊಂದು ಹೊರಟಿದೆ ಎಂದು ಡಂಗುರ ಸಾರಿದಂತೆ. ತೊಂದರೆಗೊಳಿಸದೆ ನೋಡುವ ಬಗೆಯೂ ಜಾಣತನದ್ದು. ಒಂದು ಹಾದಿಯನ್ನು ಮುಚ್ಚಿಬಿಡುವುದು. ಕಣವು ಮುಂದೆ ಸಿಕ್ಕಿದರೆ ಅದು ಇನ್ನೊಂದು ಹಾದಿಯಲ್ಲಿ ಬಂದಿರಬೇಕು. ಅದನ್ನು ಯಾರೂ ಮುಟ್ಟಲಿಲ್ಲ. ಆಚೆ ದಡದಲ್ಲಿ ಕಾವಲಿನವನನ್ನು ಕೂರಿಸಿ, ಅವನಿಗೆ ಕುರಿಗಾಹಿ ಕಾಣದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಂತೆ ಇದು. ಉಪಕರಣಗಳ ಒರಟುತನ, ಕೆಲವು ಕಣಗಳು ಕೈತಪ್ಪುವುದು ಮುಂತಾಗಿ ಆಕ್ಷೇಪಿಸಬಹುದಾದ ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿದರು. ಫಲಿತಾಂಶ: 1ನ್ನು ಮೀರಬಾರದ ಮೊತ್ತವು 1.32 ಬಂದಿತು, ದೋಷದ ಮಿತಿ 0.04. ಕ್ವಾಂಟಂ ಸಿದ್ಧಾಂತವು ಇಂತಹ ವ್ಯವಸ್ಥೆಗೆ ಅನುಮತಿಸುವ ಗರಿಷ್ಠ 1.5.

ಇದರ ಅರ್ಥವೇನು? ಮೂರು ನಂಬಿಕೆಗಳಲ್ಲಿ ಕನಿಷ್ಠ ಒಂದಾದರೂ ಬೆಳಕಿನ ಕಣಕ್ಕೆ ಸಲ್ಲುವುದಿಲ್ಲ. ಯಾವುದೆಂದು ಪ್ರಯೋಗ ಹೇಳುವುದಿಲ್ಲ. ಬಹುಪಾಲು ಭೌತವಿಜ್ಞಾನಿಗಳು ಮೊದಲನೆಯದನ್ನು ಬಿಡುತ್ತಾರೆ: ಕಣವು ಯಾವುದೇ ಒಂದು ದಡದಲ್ಲಿ ಇರಲಿಲ್ಲ, "ಬಂದಾನು" ಎಂಬ ಸಂದೇಹವು ವಸ್ತುವಿನದೇ ಎನ್ನುತ್ತಾರೆ. ಬೋಮ್‌ನ ಅನುಯಾಯಿಗಳು ಎರಡನೆಯದನ್ನು ಬಿಡುತ್ತಾರೆ: ಮುಚ್ಚಿದ ಹಾದಿಯಲ್ಲಿ ಕಣವಿಲ್ಲದಿದ್ದರೂ ಅಲೆಯಿತ್ತು, ಆ ಅಲೆ ತೊಂದರೆಗೊಳಗಾಯಿತು ಎನ್ನುತ್ತಾರೆ. ಕೆಲವರು ಮೂರನೆಯದನ್ನು ಪ್ರಶ್ನಿಸುತ್ತಾರೆ. ತತ್ತ್ವಶಾಸ್ತ್ರಜ್ಞ ಹ್ಯೂ ಪ್ರೈಸ್ ಅಂಥವರಲ್ಲಿ ಒಬ್ಬರು. ನಿಯಮಗಳು ಕಾಲಕ್ಕೆ ಸಮವಾಗಿರುವಾಗ, ಪ್ರಭಾವ ಮಾತ್ರ ಹಿಂದಿನಿಂದಲೇ ಬರಬೇಕೆಂದು ಹಟ ಹಿಡಿಯುವುದೇಕೆ ಎಂಬುದು ಅವರ ಪ್ರಶ್ನೆ. ಇದು ಮೂವರು ಸಾಕ್ಷಿಗಳಲ್ಲಿ ಒಬ್ಬನ ಮಾತು ಸುಳ್ಳೆಂದು ತಿಳಿದ ನ್ಯಾಯಾಧೀಶನ ಸ್ಥಿತಿ. ಯಾರದು ಸುಳ್ಳೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಲ್ಲದೆ ಬೆಳಕಿನ ಕಣ ಅತಿ ಸೂಕ್ಷ್ಮವಾದುದು; ಲೆಗೆಟ್ ಕೇಳಬಯಸಿದ್ದು ದೊಡ್ಡ ವಸ್ತುಗಳ ವಿಷಯ. ಕೈಯಲ್ಲಿ ಹಿಡಿಯಬಹುದಾದ ವಿದ್ಯುನ್ಮಂಡಲದಲ್ಲಿಯೂ ಕ್ವಾಂಟಂ ನಡತೆಯನ್ನು ತೋರಿಸಿದ್ದಕ್ಕೆ 2025ರ ಭೌತವಿಜ್ಞಾನದ ನೊಬೆಲ್ ಬಹುಮಾನ ಕ್ಲಾರ್ಕ್, ಡೆವೊರೆ ಮತ್ತು ಮಾರ್ಟಿನಿಸ್ ಅವರಿಗೆ ಬಂದಿರುವುದನ್ನು ನೋಡಿದರೆ, ಆ ಪ್ರಶ್ನೆಯೂ ದೂರವಿಲ್ಲ.

ಇಲ್ಲಿ ಪೋಷಕರಿಗೆ ಒಂದು ಎಚ್ಚರಿಕೆಯ ಮಾತು. ಭವಿಷ್ಯವು ಭೂತವನ್ನು ತಟ್ಟೀತು ಎಂಬ ಮಾತನ್ನು ಕೇಳಿದೊಡನೆ, ಕ್ವಾಂಟಂ ಹೆಸರಿನಲ್ಲಿ ಜಾತಕ ತಿದ್ದುವವರು, ಕ್ವಾಂಟಂ ಶಕ್ತಿಯ ತಾಯತ ಮಾರುವವರು ಹುಟ್ಟಿಕೊಳ್ಳುತ್ತಾರೆ. ಮೇಲೆ ಹೇಳಿದ ಯಾವ ಮಾದರಿಯಲ್ಲಿಯೂ ನಿನ್ನೆಗೆ ಸುದ್ದಿ ಕಳುಹಿಸಲಾಗದು. ದಾಖಲಾದ ಅಳತೆ ಬದಲಾಗದು. ಆಗಿಹೋದ ಸಾವು, ಸಾಲ, ಸೋಲು ಯಾವುದೂ ತಿದ್ದಿಕೆಯಾಗದು. ಸಂದೇಹವಿರುವುದು ಯಾರೂ ನೋಡದ, ಯಾವ ಗುರುತೂ ಉಳಿಯದ ನಡುವಣ ಗಳಿಗೆಯ ಬಗ್ಗೆ ಮಾತ್ರ. ಈ ಅಂತರವನ್ನು ಮಕ್ಕಳು ಅರಿತರೆ, ಅವರನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ವಿಜ್ಞಾನಶಿಕ್ಷಣದಿಂದ ಉದ್ಯೋಗ ದೊರೆಯಲಿ ಬಿಡಲಿ, ಈ ರಕ್ಷಣೆಯಂತೂ ದೊರೆಯಲೇಬೇಕು.

ಉದ್ಯೋಗದ ಮಾತೂ ಸಣ್ಣದಲ್ಲ. ಕೇಂದ್ರ ಸರ್ಕಾರವು 2023ರಲ್ಲಿ 6,003 ಕೋಟಿ ರೂಪಾಯಿಗೂ ಮಿಕ್ಕ ವೆಚ್ಚದ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಅನುಮೋದನೆ ನೀಡಿತು. ನಮ್ಮ ರಾಜ್ಯ ಸರ್ಕಾರವು ಅಮರಾವತಿಯಲ್ಲಿ ಕ್ವಾಂಟಂ ಕೇಂದ್ರವೊಂದನ್ನು ಕಟ್ಟುವ ಯೋಜನೆ ಪ್ರಕಟಿಸಿದೆ. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಅಮರಾವತಿ, ನಡುವೆ ನಾವಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಅಲ್ಲಿಗೆ ಹೋದೀತೇ ಎಂದು ಅನೇಕ ಪೋಷಕರು ಕಳವಳದಿಂದ ಕೇಳುತ್ತಾರೆ. ಆ ಕಳವಳ ನಿಜವಾದುದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಮುಂದೆ ಇಂಗ್ಲಿಷ್ ಬೇಕು, ಈ ರಾಜ್ಯದಲ್ಲಿ ತೆಲುಗು ಬೇಕು; ಅವನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ಪ್ರಶ್ನೆ ಹುಟ್ಟುವುದು ಮನೆಮಾತಿನಲ್ಲಿ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು "ವಿಜ್ಞಾನ" ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಆರಂಭಿಸಿದಾಗ ಅವರ ಮುಂದಿದ್ದುದೂ ಇದೇ ನಂಬಿಕೆ. "ಬಂದನು" ಮತ್ತು "ಬಂದಾನು" ಇವುಗಳ ಅಂತರ ತಿಳಿದ ಮಗುವಿಗೆ ಕ್ವಾಂಟಂ ವಿಜ್ಞಾನದ ತಿರುಳಾದ ಪ್ರಶ್ನೆ ಆಗಲೇ ಅರ್ಧ ತಿಳಿದಿದೆ.

ಶಿಕ್ಷಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಕುರಿಗಾಹಿಯ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ. ಮೂರು ಹೊತ್ತು, ಎರಡು ದಡ, ಎಂಟು ಸಾಧ್ಯತೆಗಳು. ಒಂದು ಕರಿಹಲಗೆ ಸಾಕು. ಮೊತ್ತವು 1ನ್ನು ಮೀರುವುದಿಲ್ಲವೆಂದು ಮಕ್ಕಳು ತಾವೇ ಕಂಡುಕೊಂಡ ಮೇಲೆ, ಬೆಂಗಳೂರಿನ ಪ್ರಯೋಗದಲ್ಲಿ 1.32 ಬಂದಿತೆಂದು ತಿಳಿಸಿ ಸುಮ್ಮನಾಗಿ. ಉತ್ತರವನ್ನು ಹೇಳಿಕೊಡಬೇಡಿ, ಜಗತ್ತಿನಲ್ಲಿ ಯಾರ ಬಳಿಯೂ ಪೂರ್ಣ ಉತ್ತರವಿಲ್ಲ. ಆ ಮೌನದಲ್ಲಿ ಒಂದು ಮಗು ಕೈಯೆತ್ತಿ "ಅದು ಹೇಗೆ ಸಾಧ್ಯ?" ಎಂದು ಕೇಳಿದರೆ, ಈ ಶಾಲೆಯ ಎರಡನೆಯ ಶತಮಾನ ಶುಭವಾಗಿ ಆರಂಭವಾಯಿತೆಂದು ತಿಳಿಯೋಣ.